ಎಂಟು ಹಾರ್ಬರ್ ಕಟ್ಟಿದರೂ ಕಡಲು ಕೈತಪ್ಪಿದ್ದು ಯಾಕೆ?

ಓದುಗರ ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಭಾನುವಾರ ರಾತ್ರಿ 'ಏಜ್ ಆಫ್ ಎಂಪೈರ್ಸ್ 2: ಡಿಫಿನಿಟಿವ್ ಎಡಿಷನ್' ಅನ್ನುವ ಕಂಪ್ಯೂಟರ್ ಆಟ ಆಡುತ್ತೇವೆ. ಅದರಲ್ಲಿರುವ ನಾಡುಗಳಲ್ಲಿ ನಾನು ಯಾವಾಗಲೂ ಮಲಯ್ ತಗೊಳ್ಳುವವನು. ಥಲಸಾಕ್ರಸಿ ಅನ್ನುವ ಸಂಶೋಧನೆ ಮಾಡಿಸಿದರೆ ಹಡಗು ಕಟ್ಟುವ ಡಾಕ್‌ಗಳೆಲ್ಲ ಬಾಣ ಬಿಡುವ ಹಾರ್ಬರ್ ಆಗುತ್ತವೆ, ಕೋಟೆಯ ಕಲ್ಲಿನ ಖರ್ಚಿಲ್ಲದೆ ದಡ ಭದ್ರ ಆಗುತ್ತೆ ಅಂತ ಗೆಳೆಯನೊಬ್ಬ ಹೇಳಿದ್ದ. ಹೋದ ವಾರ ಐಲ್ಯಾಂಡ್ಸ್ ಮ್ಯಾಪ್‌ನಲ್ಲಿ ದಡದುದ್ದಕ್ಕೂ ಎಂಟು ಹಾರ್ಬರ್ ಕಟ್ಟಿದೆ. ಎದುರಾಳಿ ಆರು ಕ್ಯಾನನ್ ಗ್ಯಾಲಿಯನ್, ಅಂದರೆ ಫಿರಂಗಿ ಹಡಗು, ತಂದು ಒಂದೊಂದಾಗಿ ಎಲ್ಲವನ್ನೂ ಸುಟ್ಟ. ಒಂದು ಬಾಣವೂ ಅವನಿಗೆ ತಾಗಲಿಲ್ಲ. ಹಾರ್ಬರ್ ಅನ್ನುವುದೇ ಮೋಸವಾ? ಅಥವಾ ನಾನು ಕಟ್ಟಿದ ರೀತಿಯೇ ತಪ್ಪಾ? ಮುಂದೆ ಮಲಯ್ ಬಿಟ್ಟು ದ್ರಾವಿಡಿಯನ್ಸ್ ತಗೊಳ್ಳಲಾ? ಆಟದ ರೆಕಾರ್ಡಿಂಗ್ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ರೆಕಾರ್ಡಿಂಗ್ ಎರಡು ಸಲ ನೋಡಿದೆ. ಎರಡನೆಯ ಸಲ ನಿಮ್ಮ ಹಾರ್ಬರ್‌ಗಳನ್ನು ನೋಡುವುದು ಬಿಟ್ಟು ನಿಮ್ಮ ಹಡಗುಗಳನ್ನು ಮಾತ್ರ ನೋಡಿದೆ. ಮೊದಲ ಹಾರ್ಬರ್‌ಗೆ ಬೆಂಕಿ ಬಿದ್ದಾಗ ನಿಮ್ಮ ನಾಲ್ಕು ವಾರ್ ಗ್ಯಾಲಿ, ಅಂದರೆ ಬಾಣ ಬಿಡುವ ಯುದ್ಧದ ಹಡಗು, ಎಲ್ಲಿದ್ದವು ಗೊತ್ತಾ? ಐದನೆಯ ಹಾರ್ಬರ್ ಮುಂದೆ, ಲಂಗರು ಹಾಕಿದ ಹಾಗೆ ಸುಮ್ನೆ ನಿಂತಿದ್ದವು. ಮೂವರು ವಿಲೇಜರ್‌ಗಳು, ಅಂದರೆ ಕೆಲಸದಾಳುಗಳು, ಸುತ್ತಿಗೆ ಹಿಡಿದು ರಿಪೇರಿಗೆ ಓಡಿ ಬಂದರು. ಅವರು ಒಂದು ಪಾಲು ಸರಿ ಮಾಡುವಷ್ಟರಲ್ಲಿ ಗುಂಡುಗಳು ಮೂರು ಪಾಲು ಒಡೆದವು. ಎರಡನೆಯದು ಬಿತ್ತು, ಮೂರನೆಯದು ಬಿತ್ತು. ಗ್ಯಾಲಿಗಳು ಅಲ್ಲೇ. ಕೊನೆಗೆ ಐದನೆಯದರ ಸರದಿ ಬಂದಾಗ ಅವೂ ಅದರ ಜೊತೆಗೇ ಮುಳುಗಿದವು.

ನಿಮಗೆ ಬೇಜಾರಾಗಿದ್ದು ಸೋತಿದ್ದಕ್ಕಲ್ಲ, ಬಾಣ ಬಿಡುವ ಕಟ್ಟಡ ಎಂಟಿದ್ದೂ ಒಂದು ಬಾಣವೂ ತಾಗದ್ದಕ್ಕೆ ಅಂತ ಅರ್ಥವಾಯಿತು. ಹಾರ್ಬರ್ ಮೋಸ ಅಲ್ಲ. ಆದರೆ ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ನಿಮ್ಮ ಹಡಗು ಮುಳುಗಿಸಿದ್ದು ಆ ಅರ್ಧ ಸುಳ್ಳು.

ನಿಜ ಯಾವುದು ಅಂದರೆ, ಥಲಸಾಕ್ರಸಿ ಮುಗಿದ ಕ್ಷಣ ಆಗಲೇ ನಿಂತಿರುವ ಡಾಕ್‌ಗಳೆಲ್ಲ ಹಾರ್ಬರ್ ಆಗುತ್ತವೆ. ಆಮೇಲೆ ಕಟ್ಟುವ ಡಾಕ್ ಹಾರ್ಬರ್ ಆಗಿಯೇ ಏಳುತ್ತದೆ. ಬೆಲೆ ಅದೇ 150 ಮರ. ಕಲ್ಲು ಬೇಡ. ಒಬ್ಬ ವಿಲೇಜರ್ ಡಾಕ್ ಕಟ್ಟಲು 35 ಸೆಕೆಂಡ್, ಕೋಟೆ ಕಟ್ಟಲು 200 ಸೆಕೆಂಡ್. ಇಷ್ಟು ಕೇಳಿದರೆ ಯಾರಿಗಾದರೂ ಆಸೆ ಆಗುತ್ತೆ, ಅಲ್ವಾ?

ಸುಳ್ಳು ಯಾವುದು ಅಂದರೆ, 'ಕಲ್ಲಿನ ಖರ್ಚಿಲ್ಲ' ಅನ್ನುವುದು. ಥಲಸಾಕ್ರಸಿ ಸಿಗುವುದು ಕೋಟೆಯ ಒಳಗೆ. ಅಂದರೆ ಮೊದಲು ಒಂದು ಕೋಟೆ ಎದ್ದಿರಬೇಕು. ಕೋಟೆಗೆ 650 ಕಲ್ಲು. ಆಟ ಶುರುವಾದಾಗ ಕೈಯಲ್ಲಿರುವುದು 200. ಉಳಿದ 450 ಅಗೆಯಬೇಕು. ಐದು ವಿಲೇಜರ್‌ಗಳನ್ನು ಬಿಟ್ಟರೂ ನಾಲ್ಕು ನಿಮಿಷದ ಮೇಲೆ ಹಿಡಿಯುತ್ತದೆ. ಅಷ್ಟು ಹೊತ್ತು ಆ ಐವರು ಮರ ಕಡಿಯುತ್ತಿಲ್ಲ. ಕಡಲ ಮ್ಯಾಪ್‌ನಲ್ಲಿ ಮರವೇ ಹಡಗು. ಅದರ ಮೇಲೆ ಥಲಸಾಕ್ರಸಿಗೆ 300 ಆಹಾರ, 300 ಚಿನ್ನ. ಮಲಯ್‌ಗೆ ಯುಗ ಬದಲಾಯಿಸುವುದು, ಅಂದರೆ ಆಟದ ಮುಂದಿನ ಹಂತಕ್ಕೆ ಏರುವುದು, ಬೇಗ ಆಗುತ್ತದೆ, ನಿಜ. ಬೇರೆಯವರಿಗೆ ಕ್ಯಾಸಲ್ ಯುಗಕ್ಕೆ ಹೋಗಲು 160 ಸೆಕೆಂಡ್ ಬೇಕಾದರೆ ಮಲಯ್‌ಗೆ ನೂರರ ಒಳಗೆ ಮುಗಿಯುತ್ತದೆ. ಆದರೆ ಬೇಗ ಹೋದವನ ಕೈಯಲ್ಲಿ ದುಡ್ಡೂ ಬೇಗ ಖಾಲಿ. ಯುಗ ಬದಲಾಯಿಸಲು 800 ಆಹಾರ, 200 ಚಿನ್ನ ಆಗಷ್ಟೇ ಕೊಟ್ಟಿರುತ್ತೀರಿ. ಆ ಬಡತನದಲ್ಲಿ ಕೋಟೆ, ಅದಾದ ಮೇಲೆ ಸಂಶೋಧನೆ ಅಂತ ಹೊರಟರೆ ಎದುರಾಳಿ ಅದೇ ಹೊತ್ತಿಗೆ ಹಡಗು ಇಳಿಸುತ್ತಿರುತ್ತಾನೆ.

ಇನ್ನೊಂದು ಸುಳ್ಳು: ಥಲಸಾಕ್ರಸಿಯಿಂದ ಹಡಗುಗಳಿಗೂ ಬಲ ಬರುತ್ತೆ ಅನ್ನುವುದು. ನೀವು ಹಾಗೆ ಬರೆದಿಲ್ಲ, ಆದರೆ ಆಡಿದ್ದು ಹಾಗೇ. ಹಡಗಿಗೆ ಅದರಿಂದ ಏನೂ ಬರುವುದಿಲ್ಲ.

ಈಗ ಲೆಕ್ಕ ಮಾಡೋಣ. ಅಂಕಿ ನೋಡಿದರೆ ಕೆಲವರಿಗೆ ನಿದ್ದೆ ಬರುತ್ತೆ, ಆದರೂ ಇದೊಂದು ನೋಡಿಬಿಡಿ. ನಾನು ಹಾಕುವುದು ಡಿಫಿನಿಟಿವ್ ಎಡಿಷನ್‌ನಲ್ಲಿ ಬಹಳ ಕಾಲ ಇದ್ದ ಬೆಲೆಗಳು. ಪ್ಯಾಚ್ ಬಂದಾಗ ಕಡಲಿನ ಅಂಕಿಗಳೂ ಬದಲಾಗಬಹುದು, ಆದ್ದರಿಂದ ಆಡುವ ಮೊದಲು ಆಟದೊಳಗಿನ ಟೆಕ್ ಟ್ರೀ ಪಟ್ಟಿ ತೆರೆದು ನೋಡಿಕೊಳ್ಳಿ. ನಿಮಗೆ ಹಡಗು ಕಟ್ಟಲು, ಮೀನು ಇಳಿಸಲು ಎರಡು ಡಾಕ್ ಸಾಕಿತ್ತು. ಉಳಿದ ಆರು ಬರೀ ಬಾಣಕ್ಕೆ ಕಟ್ಟಿದ್ದು. ಆರಕ್ಕೆ 900 ಮರ. ಥಲಸಾಕ್ರಸಿಗೆ 300 ಚಿನ್ನ. ಒಂದು ಗ್ಯಾಲಿಗೆ 90 ಮರ, 30 ಚಿನ್ನ. ಅಂದರೆ ಆ ಆರು ಹಾರ್ಬರ್ ಮತ್ತು ಸಂಶೋಧನೆಯ ದುಡ್ಡಿನಲ್ಲಿ ಸರಿಯಾಗಿ ಹತ್ತು ಗ್ಯಾಲಿ. 300 ಆಹಾರ ಇನ್ನೂ ಕೈಯಲ್ಲೇ. ನಿಮ್ಮ ಬಳಿ ಇದ್ದ ನಾಲ್ಕಕ್ಕೆ ಈ ಹತ್ತು ಸೇರಿದ್ದರೆ ಹದಿನಾಲ್ಕು. ಅವನು ತಂದ ಕ್ಯಾನನ್ ಗ್ಯಾಲಿಯನ್ ಒಂದಕ್ಕೆ 200 ಮರ, 150 ಚಿನ್ನ. ಆರು ಅಂದರೆ 1,200 ಮರ, 900 ಚಿನ್ನ. ಕಾವಲಿಗೆ ಅಂತ ಅವನ ಜೊತೆ ಬಂದಿದ್ದು ಮೂರೇ ಗ್ಯಾಲಿ. ಅಷ್ಟು ದುಬಾರಿ ಸಾಮಾನನ್ನು ಅಷ್ಟು ಕಡಿಮೆ ಕಾವಲಿನಲ್ಲಿ ತರಲು ಅವನಿಗೆ ಧೈರ್ಯ ಬಂದಿದ್ದು ಯಾಕೆ? ನೀವು ಹೊರಗೆ ಬರುವುದಿಲ್ಲ ಅಂತ ಅವನಿಗೆ ಗೊತ್ತಾಗಿಹೋಗಿತ್ತು.

ಬಾಣ ಯಾಕೆ ತಾಗಲಿಲ್ಲ ಅನ್ನುವುದಕ್ಕೆ ಕಾರಣ ಸರಳ: ದೂರ. ಕ್ಯಾನನ್ ಗ್ಯಾಲಿಯನ್ 13 ಚೌಕ ದೂರದಿಂದ ಹೊಡೆಯುತ್ತದೆ, ಅದರ ಸುಧಾರಿತ ರೂಪ ಎಲೀಟ್ ಆದರೆ 15. ಕೋಟೆಯ ಬಾಣವೇ ಮೂಲದಲ್ಲಿ 8 ಚೌಕ ಹೋಗುವುದು. ಹಾರ್ಬರ್ ಬಾಣ ಅಷ್ಟೂ ಹೋಗುವುದಿಲ್ಲ. ಕೋಟೆಯಲ್ಲಿ ಯಾರೂ ಇಲ್ಲದಿದ್ದರೂ ಒಂದೇ ಸಲಕ್ಕೆ ಐದು ಬಾಣ ಹಾರುತ್ತವೆ, ಒಳಗೆ ಬಿಲ್ಲುಗಾರರನ್ನು ತುಂಬಿದರೆ 21ರ ತನಕ. ಹಾರ್ಬರ್‌ನಿಂದ ಆ ಥರದ ಮಳೆ ನಿರೀಕ್ಷಿಸಬೇಡಿ. ಸಾಲದ್ದಕ್ಕೆ ಬಾಣದ ಗುರಿ ಸರಿ ಮಾಡುವ ಬ್ಯಾಲಿಸ್ಟಿಕ್ಸ್ ಅನ್ನುವ ಸಂಶೋಧನೆ ಮಾಡಿಸದಿದ್ದರೆ ಓಡುವ ಹಡಗಿನ ಹಿಂದೆ ಬಾಣ ನೀರಿಗೆ ಬೀಳುತ್ತದೆ. ನೀವು ಮಾಡಿಸಿರಲಿಲ್ಲ. ಇಪ್ಪತ್ತನೆಯ ನಿಮಿಷದಲ್ಲಿ ಅವನ ಒಂದು ಗ್ಯಾಲಿ ನಿಮ್ಮ ದಡದುದ್ದಕ್ಕೂ ಓಡಿ ಹೋಗಿ ಎಂಟೂ ಹಾರ್ಬರ್ ಎಣಿಸಿಕೊಂಡು ಬಂತು. ನೋಡಿದರೆ ನಗು ಬರುತ್ತೆ, ಅಷ್ಟೂ ಬಾಣ ಅದರ ಹಿಂದೆ ಹಿಂದೆಯೇ ಬಿದ್ದವು.

ಹಾಗಾದರೆ ಹಾರ್ಬರ್ ಯಾತಕ್ಕೆ? ಇಲ್ಲಿ ಸ್ವಲ್ಪ ಇತಿಹಾಸ ಹೇಳುತ್ತೇನೆ. ಥಲಸಾಕ್ರಸಿ ಗ್ರೀಕ್ ಮೂಲದ ಮಾತು, ಅರ್ಥ ಕಡಲಿನ ಆಳ್ವಿಕೆ. ಆಟದವರು ಅದನ್ನು ಮಲಯ್‌ಗೆ ಕೊಟ್ಟಿದ್ದು ಶ್ರೀವಿಜಯದಂಥ ರಾಜ್ಯಗಳನ್ನು ಮನಸ್ಸಲ್ಲಿಟ್ಟುಕೊಂಡು. ಶ್ರೀವಿಜಯದ ನೆಲೆ ಸುಮಾತ್ರಾದ ಪಾಲೆಂಬಾಂಗ್. ಅದು ಕಡಲಿಗೆ ಮುಖ ಮಾಡಿ ಕೂತ ಊರಲ್ಲ, ಮೂಸಿ ನದಿಯಲ್ಲಿ ಒಳಗೆ ಹೋಗಬೇಕು. ಭಾರತ, ಚೀನಾ ನಡುವೆ ಓಡಾಡುವ ಹಡಗುಗಳು ಮಲಕ್ಕಾ ಜಲಸಂಧಿ ಹಾದು ಹೋಗಬೇಕಿತ್ತು, ಅವುಗಳ ವ್ಯಾಪಾರವೇ ಇವರ ಹೊಟ್ಟೆಪಾಡು. 1225ರಲ್ಲಿ ಚೀನಾದಲ್ಲಿ ಕಡಲ ವ್ಯಾಪಾರ ನೋಡಿಕೊಳ್ಳುತ್ತಿದ್ದ ಅಧಿಕಾರಿ ಝಾವೋ ರುಗುವಾ ಈ ನಾಡಿನ ಬಗ್ಗೆ ಎರಡು ವಿಷಯ ಬರೆದಿಟ್ಟಿದ್ದಾನೆ. ಒಂದು, ಹಿಂದೆ ಇಲ್ಲಿ ಕಡಲುಗಳ್ಳರನ್ನು ತಡೆಯಲು ಕಬ್ಬಿಣದ ಸರಪಳಿ ಇತ್ತು, ಬೇಕಾದಾಗ ಏರಿಸಿ ಇಳಿಸುತ್ತಿದ್ದರು. ಎರಡು, ಯಾವುದಾದರೂ ವ್ಯಾಪಾರದ ಹಡಗು ಬಂದರಿಗೆ ಬಾರದೆ ಹಾಗೇ ದಾಟಿ ಹೋದರೆ ಇವರ ದೋಣಿಗಳು ಹೊರಟು ಅದರ ಮೇಲೆ ಬೀಳುತ್ತಿದ್ದವು.

ನನಗೆ ಈ ಎರಡನೆಯ ಮಾತು ಬಹಳ ಇಷ್ಟ. ಸರಪಳಿ ಇದ್ದದ್ದು ಬಾಗಿಲು ಹಾಕಲು. ಜನ ಹೆದರುತ್ತಿದ್ದದ್ದು ಬಾಗಿಲಿನಿಂದ ಹೊರಬರುವ ದೋಣಿಗಳಿಗೆ. ಆಟದಲ್ಲೂ ಹಾರ್ಬರ್ ಕೆಲಸ ಅಷ್ಟೇ. ಅದು ಬಾಗಿಲು. ನಿಮ್ಮಲ್ಲಿ ಎಂಟು ಬಾಗಿಲು ಇದ್ದವು, ಹೊರಬರುವವರು ಇರಲಿಲ್ಲ.

ಈಗ ದಾರಿಗಳು. ಯಾವುದೂ ಪುಕ್ಕಟೆ ಅಲ್ಲ.

ಐಲ್ಯಾಂಡ್ಸ್ ಥರದ ಪೂರ್ತಿ ಕಡಲ ಮ್ಯಾಪ್‌ನಲ್ಲಿ ನಾನು ಕಲಿಸುವವರಿಗೆ ಹೇಳುವುದು: ಮೊದಲ ಕಡಲ ಜಗಳ ಮುಗಿಯುವ ತನಕ ಥಲಸಾಕ್ರಸಿ ಕಡೆ ತಿರುಗಿಯೂ ನೋಡಬೇಡಿ. ಫ್ಯೂಡಲ್ ಯುಗದ ಕೊನೆ, ಕ್ಯಾಸಲ್ ಯುಗದ ಶುರು, ಆ ಕೆಲವೇ ನಿಮಿಷದಲ್ಲಿ ನೀರು ಯಾರದ್ದು ಅಂತ ತೀರ್ಮಾನ ಆಗುತ್ತದೆ. ಆಗ ಒಂದೊಂದು ಗ್ಯಾಲಿಯೂ ಲೆಕ್ಕಕ್ಕೆ. ಡಾಕ್ ಎರಡೋ ಮೂರೋ ಇರಲಿ, ಆದರೆ ಅವು ಬಿಡುವಿಲ್ಲದೆ ಹಡಗು ಇಳಿಸುತ್ತಿರಬೇಕು. ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ಒಂದು ಜಗಳದಲ್ಲಿ ಹಡಗೆಲ್ಲ ಕಳೆದುಕೊಂಡರೆ ದಡ ಬೆತ್ತಲೆ, ಮೀನು ಹಿಡಿಯುವ ದೋಣಿಗಳನ್ನು ಕಾಯಲು ಯಾರೂ ಇರುವುದಿಲ್ಲ. ಕೈ ಚುರುಕಿಲ್ಲದವರಿಗೆ ಈ ದಾರಿ ಕಷ್ಟ.

ಕೈ ಚುರುಕಿಲ್ಲ ಅಂದರೆ, ಅಥವಾ ಜಗಳ ಸಮಬಲದಲ್ಲಿ ನಿಂತಿದೆ ಅಂದರೆ, ಆಗ ಹಾರ್ಬರ್‌ಗೆ ಬನ್ನಿ. ಆದರೆ ಬಾಣಕ್ಕಾಗಿ ಕಟ್ಟಬೇಡಿ, ಮೀನಿಗಾಗಿ ಕಟ್ಟಿ. ಮಲಯ್‌ನ ನಿಜವಾದ ಸೊತ್ತು ಮೀನಿನ ಬಲೆ, ಅಂದರೆ ಫಿಶ್ ಟ್ರ್ಯಾಪ್. ಬೇರೆಯವರಿಗೆ 100 ಮರ ಆಗುವ ಬಲೆ ಮಲಯ್‌ಗೆ ಮೂರನೆಯ ಒಂದು ಪಾಲು ಅಗ್ಗ, ಒಳಗಿರುವ ಆಹಾರ ಮೂರು ಪಟ್ಟು. ಒಮ್ಮೆ ಹಾಕಿದರೆ ಬಹಳ ಹೊತ್ತು ಆ ಕಡೆ ನೋಡುವ ಹಾಗೇ ಇಲ್ಲ. ಗದ್ದೆ ಮಾಡಬೇಕಿದ್ದವರನ್ನು ಮರ ಕಡಿಯಲು ಬಿಡಬಹುದು. ಆದರೆ ಬಲೆ ದೂರ ಇದ್ದರೆ ದೋಣಿಯ ಅರ್ಧ ಸಮಯ ಓಡಾಟದಲ್ಲೇ ಹೋಗುತ್ತದೆ. ಬಲೆಗಳ ಪಕ್ಕದಲ್ಲೇ ಡಾಕ್ ಇಟ್ಟರೆ ಮೀನು ಅಲ್ಲೇ ಇಳಿಯುತ್ತದೆ. ಆ ಡಾಕ್ ತನ್ನ 150 ಮರವನ್ನು ಮೀನಿನಲ್ಲೇ ದುಡಿದುಕೊಡುತ್ತದೆ. ಆಮೇಲೆ ಥಲಸಾಕ್ರಸಿ ಮಾಡಿಸಿದಾಗ ಅದೇ ಕಟ್ಟಡ ಕಾವಲುಗಾರನೂ ಆಗುತ್ತದೆ. ಒಂದೆರಡು ಗ್ಯಾಲಿ ನುಗ್ಗಿ ದೋಣಿ ಕೊಲ್ಲುವ ಕಾಟ ಇರುತ್ತದಲ್ಲ, ಅದಕ್ಕೆ ಹಾರ್ಬರ್ ಒಳ್ಳೆಯ ಮದ್ದು. ಬೆಂಕಿ ಉಗುಳುವ ಫೈರ್ ಶಿಪ್‌ಗಳು ಹತ್ತಿರ ಬಂದೇ ಹೊಡೆಯಬೇಕಾದ್ದರಿಂದ ಅವೂ ಬಾಣಕ್ಕೆ ಸಿಗುತ್ತವೆ.

ಜಾಗ ಹುಡುಕುವಾಗ ದಡದ ಗೆರೆ ನೋಡಿ. ನೀವು ಕಟ್ಟಿದ್ದು ಉಬ್ಬಿದ ದಡದ ಮೇಲೆ, ಮದುವೆ ಮನೆಯ ಊಟದ ಸಾಲಿನ ಹಾಗೆ. ಮೊದಲನೆಯದಕ್ಕೆ ಹೊಡೆತ ಬಿದ್ದಾಗ ಮೂರನೆಯದರ ಬಾಣ ಅಲ್ಲಿಗೆ ಮುಟ್ಟುವುದಿಲ್ಲ. ನೀರು ಒಳಗೆ ಬಂದಿರುವ ಬಾಗಿದ ದಡ ಹುಡುಕಿ, ಎರಡು ತುದಿಗೆ ಎರಡು ಹಾರ್ಬರ್ ಇಡಿ, ನಡುವೆ ಬಲೆ ಹಾಕಿ. ದೋಣಿ ಕೊಲ್ಲಲು ಒಳಗೆ ಬಂದ ಹಡಗಿಗೆ ಎರಡೂ ಕಡೆಯಿಂದ ಬಾಣ. ಹಿಂದೆ ನಾಲ್ಕೈದು ವಿಲೇಜರ್ ಇರಲಿ. ಅವರು ಕಟ್ಟಡಕ್ಕಿಂತ ಜಾಸ್ತಿ ಹಡಗು ರಿಪೇರಿ ಮಾಡಬೇಕು. ಜಗಳದಲ್ಲಿ ಜರ್ಜರಿತವಾದ ಗ್ಯಾಲಿ ಹಾರ್ಬರ್ ಬಾಣದ ನೆರಳಿಗೆ ಬಂದು, ದಡಕ್ಕೆ ತಾಗಿ ನಿಂತು, ಸರಿಯಾಗಿ ಮತ್ತೆ ಹೊರಡುತ್ತದೆ. ಹಡಗು ಕಳೆದುಕೊಂಡವನು ಹೊಸದು ಕಟ್ಟುವಷ್ಟರಲ್ಲಿ ನಿಮ್ಮ ಹಳೆಯದು ವಾಪಸ್ ಜಗಳದಲ್ಲಿರುತ್ತದೆ. ಹಾರ್ಬರ್‌ನ ಅತಿ ದೊಡ್ಡ ಉಪಯೋಗ ಇದೇ ಅಂತ ನಾನು ಹೇಳುವವನು. ಬಾಣ ಎಣಿಸುವವರು ಒಪ್ಪುವುದಿಲ್ಲ, ಇರಲಿ.

ಒಂಟಿ ಡಾಕ್ ಒಂದನ್ನು ದೂರದ ಮೂಲೆಯಲ್ಲಿ ಕಟ್ಟುವುದೂ ಒಳ್ಳೆಯದೇ. ಮಲಯ್ ತಂಡದಲ್ಲಿದ್ದರೆ ಡಾಕ್‌ಗಳ ನೋಟ ಎರಡು ಪಟ್ಟು ದೂರ ಹೋಗುತ್ತದೆ, ಜೊತೆ ಆಡುವ ಗೆಳೆಯರ ಡಾಕ್‌ಗಳದ್ದೂ ಸೇರಿ. ಕ್ಯಾನನ್ ಗ್ಯಾಲಿಯನ್ ನಿಧಾನದ ಹಡಗು. ಅದು ಹೊರಟಿದ್ದು ಮೊದಲೇ ಕಂಡರೆ ಅರ್ಧ ಕೆಲಸ ಮುಗಿದ ಹಾಗೆ. ಅದರ ಗುಂಡು ಓಡುವ ಹಡಗಿಗೆ ಸುಲಭವಾಗಿ ತಾಗುವುದಿಲ್ಲ, ತೀರಾ ಹತ್ತಿರ ಬಂದವನಿಗೆ ಅದು ಹೊಡೆಯಲೂ ಆಗುವುದಿಲ್ಲ. ಐದಾರು ಫೈರ್ ಶಿಪ್ ಬಳಸುದಾರಿಯಲ್ಲಿ ಹೋಗಿ ಹಿಂದಿನಿಂದ ಬಿದ್ದರೆ ಮುಗಿಯಿತು. ಅವನು ಹಾರ್ಬರ್ ಸುಡುವುದರಲ್ಲೇ ಮುಳುಗಿರುವಾಗ ಇದನ್ನು ಮಾಡಬೇಕು. ಅಂದರೆ ಒಂದು ಹಾರ್ಬರ್ ಸುಟ್ಟುಹೋಗಲಿ ಬಿಡಿ. 150 ಮರದ ಗಾಳ ಅಂದುಕೊಳ್ಳಿ.

ಇನ್ನೊಂದು ದಾರಿ ಪುಂಡರದ್ದು. ಟ್ರಾನ್ಸ್‌ಪೋರ್ಟ್ ಹಡಗಿನಲ್ಲಿ ನಾಲ್ಕು ವಿಲೇಜರ್ ತುಂಬಿಕೊಂಡು ಎದುರಾಳಿಯ ದಡಕ್ಕೇ ಹೋಗಿ, ಅವನು ಮರ ಕಡಿಯುವ ಜಾಗದ ಪಕ್ಕ ಹಾರ್ಬರ್ ಎಬ್ಬಿಸುವುದು. ಬಾಣ ನೆಲದ ಮೇಲಿನವರಿಗೂ ತಾಗುತ್ತದೆ, ಹಡಗು ಅಲ್ಲೇ ಇಳಿಯುತ್ತದೆ. ನಾಲ್ವರು ಸೇರಿ ಕಟ್ಟಿದರೆ ಹದಿನೆಂಟು ಸೆಕೆಂಡಿನೊಳಗೆ ಮುಗಿಯುತ್ತದೆ. ಎದುರಾಳಿ ಕಂಗಾಲಾಗುವುದು ನೋಡಲು ಮಜಾ. ಆದರೆ ಅವನು ಮೊದಲೇ ಕಂಡರೆ ನಾಲ್ಕು ವಿಲೇಜರ್, ಒಂದು ಹಡಗು, ಕಟ್ಟುತ್ತಿದ್ದ ಡಾಕ್ ಎಲ್ಲ ಹೋಯಿತು. ನಾನು ಇದನ್ನು ಗೆಳೆಯರ ಜೊತೆ ಮಾತ್ರ ಮಾಡುತ್ತೇನೆ. ಗೆದ್ದರೆ ವರ್ಷವಿಡೀ ಹೇಳಿಕೊಂಡು ತಿರುಗಬಹುದು.

ನಡುವೆ ಕೆರೆ ಇರುವ ಮ್ಯಾಪ್‌ಗಳಲ್ಲಿ, ಉದಾಹರಣೆಗೆ ಫೋರ್ ಲೇಕ್ಸ್‌ನಲ್ಲಿ, ಹಾರ್ಬರನ್ನು ಕಲ್ಲಿಲ್ಲದ ಗೋಪುರದ ಹಾಗೆ ಬಳಸಬಹುದು. ವಾಚ್ ಟವರ್‌ಗೆ 125 ಕಲ್ಲು ಬೇಕು, ಇದಕ್ಕೆ ಒಂದೂ ಬೇಡ. ಈ ಚಾಲಾಕಿತನ ನಾನೂ ಮಾಡಿದ್ದೇನೆ. ಕೆರೆಯ ಸುತ್ತ ಐದು ಹಾರ್ಬರ್ ಕಟ್ಟಿ ಬೀಗುತ್ತಾ ಕೂತಿದ್ದೆ. ಎದುರಿನವನು ನೀರಿಗೆ ಇಳಿಯಲೇ ಇಲ್ಲ. ನೆಲದ ಕಡೆಯಿಂದ ಟಗರುಗಳನ್ನು, ಅಂದರೆ ಬ್ಯಾಟರಿಂಗ್ ರ‍್ಯಾಮ್‌ಗಳನ್ನು ತಂದ. ಟಗರಿಗೆ ಬಾಣ ಅಂದರೆ ಮಳೆಹನಿ ಇದ್ದ ಹಾಗೆ. ಐದೂ ಹೋದವು.

ಬಂದರು ಕಟ್ಟಿದವರು ಹಿಂದಿನ ಬಾಗಿಲು ಮರೆಯುವುದು ಹೊಸದೇನಲ್ಲ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಅಲ್ಬುಕರ್ಕ್ ಮರುವರ್ಷ ಮಲಕ್ಕಾಕ್ಕೆ ಹೋದ. ಊರನ್ನು ಎರಡು ಭಾಗ ಮಾಡಿ ನದಿ ಹರಿಯುತ್ತಿತ್ತು, ಮೇಲೆ ಒಂದು ಸೇತುವೆ. ಅವನು ಕಣ್ಣಿಟ್ಟಿದ್ದು ಆ ಸೇತುವೆಯ ಮೇಲೆ. ಎತ್ತರದ ಜಂಕ್ ಹಡಗೊಂದನ್ನು ಭರತದ ನೀರಿನಲ್ಲಿ ಸೇತುವೆಯ ಹತ್ತಿರಕ್ಕೆ ತಂದು ಅಲ್ಲಿಂದ ಹೊಡೆದ. ಸೇತುವೆ ಹೋದ ಮೇಲೆ ಊರಿನ ಎರಡು ಭಾಗ ಒಂದಕ್ಕೊಂದು ನೆರವಾಗಲು ಆಗಲಿಲ್ಲ. ಆಗಸ್ಟ್ ತಿಂಗಳಲ್ಲಿ ಮಲಕ್ಕಾ ಬಿತ್ತು. ಹಾಗಾಗಿ ನೆಲ ಸೇರಿರುವ ಮ್ಯಾಪ್‌ನಲ್ಲಿ ಪ್ರತಿ ಹಾರ್ಬರ್ ಹಿಂದೆ ಒಂದು ಸಾಲು ಗೋಡೆಯಾದರೂ ಇರಲಿ. ಟ್ರೆಬುಷೆ, ಅಂದರೆ ಕಲ್ಲು ಎಸೆಯುವ ಯಂತ್ರ, ಬಂದರೆ ಗೋಡೆಯೂ ಸಾಲದು. ಅದು 16 ಚೌಕ ದೂರದಿಂದ ಎಸೆಯುತ್ತದೆ, ಕುದುರೆ ಸವಾರರನ್ನು ಕಳಿಸಿಯೇ ಅದನ್ನು ನಿಲ್ಲಿಸಬೇಕು.

ಕೊನೆಯದಾಗಿ, ದ್ರಾವಿಡಿಯನ್ಸ್ ವಿಷಯ. ನಮ್ಮ ದಕ್ಷಿಣದವರು ಅನ್ನುವ ಪ್ರೀತಿಯಿಂದ ಆಡುವುದಾದರೆ ಖಂಡಿತ ಆಡಿ. 2022ರಲ್ಲಿ ಅವರು ಬಂದಾಗ ನಾನೂ ಒಂದು ತಿಂಗಳು ಬೇರೆ ಏನೂ ಆಡಲಿಲ್ಲ. ಪ್ರತಿ ಯುಗ ಬದಲಾದಾಗ 200 ಮರ ಪುಕ್ಕಟೆ ಸಿಗುತ್ತದೆ, ಅದು ಎರಡು ಗ್ಯಾಲಿಯ ಮರ. ಅವರು ತಂಡದಲ್ಲಿದ್ದರೆ ಒಂದೊಂದು ಡಾಕ್ ಐದು ಜನರ ಜಾಗವನ್ನೂ ಕೊಡುತ್ತದೆ, ಆದ್ದರಿಂದ ಮನೆ ಕಟ್ಟುವ ಮರ ಉಳಿಯುತ್ತದೆ. ತಿರಿಸಡೈ ಅನ್ನುವ ಅವರದ್ದೇ ದೊಡ್ಡ ಹಡಗೂ ಇದೆ. ಆದರೆ ಬಾಣ ಬಿಡುವ ಡಾಕ್ ಇಲ್ಲ. ನಿಮ್ಮ ಸಮಸ್ಯೆಗೆ ಅದೇ ಔಷಧಿ ಆಗಬಹುದು. ಅಡಗಿಕೊಳ್ಳಲು ಹಾರ್ಬರ್ ಇಲ್ಲದಿದ್ದರೆ ಹಡಗು ಹೊರಗೆ ಬರಲೇಬೇಕು. ನಾಲ್ಕು ಭಾನುವಾರ ದ್ರಾವಿಡಿಯನ್ಸ್ ಆಡಿ, ಆಮೇಲೆ ಮಲಯ್‌ಗೆ ವಾಪಸ್ ಬನ್ನಿ. ಅಂದ ಹಾಗೆ, 1025ರಲ್ಲಿ ರಾಜೇಂದ್ರ ಚೋಳನ ಹಡಗುಪಡೆ ಕಡಲು ದಾಟಿ ಹೋಗಿ ದಾಳಿ ಮಾಡಿದ್ದು ಇದೇ ಶ್ರೀವಿಜಯದ ಮೇಲೆ. ನಿಮ್ಮ ಗುಂಪಿನಲ್ಲಿ ಯಾರಾದರೂ ದ್ರಾವಿಡಿಯನ್ಸ್ ತಗೊಂಡು ನಿಮ್ಮ ಮಲಯ್ ಮೇಲೆ ಬಂದರೆ ಇದನ್ನು ನೆನಪಿಸದೆ ಬಿಡುವುದಿಲ್ಲ, ನೋಡ್ತಾ ಇರಿ.